ಒಂದೇ ಕಚೇರಿ, ಎರಡು ತಲೆಮಾರು: ಗದಗ ಸೀಮೆಯ ಅನುಭವದಲ್ಲಿ ಒಂದು ಕೈಪಿಡಿ

ಗದಗ: ಪ್ರತಿವರ್ಷ ಮೇ 31 ಬಂತೆಂದರೆ ಗದಗ-ಬೆಟಗೇರಿಯ ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ಶಾಲು, ಹಾರ, ಫಲತಾಂಬೂಲ, ನಾಲ್ಕು ಭಾಷಣ, ಒಂದು ಸಾಮೂಹಿಕ ಛಾಯಾಚಿತ್ರ. ಒಂದೇ ದಿನ ಇಷ್ಟು ಜನ ನಿವೃತ್ತರಾಗುವುದಕ್ಕೆ ಕಾರಣ ಹಳೆಯದು. ಹುಟ್ಟಿದ ದಿನವನ್ನು ಬರೆದಿಡುವ ರೂಢಿ ಇಲ್ಲದ ಕಾಲದಲ್ಲಿ, ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮುಖ್ಯೋಪಾಧ್ಯಾಯರು ಅನೇಕರಿಗೆ ಜೂನ್ 1 ಎಂದೇ ಬರೆದುಕೊಂಡರು. ಹಾಗೆ ಬರೆಸಿಕೊಂಡವರೆಲ್ಲ 60 ತುಂಬುವ ಹೊತ್ತಿಗೆ ಮೇ 31ರಂದು ಒಟ್ಟಿಗೆ ಸೇವೆಯಿಂದ ಹೊರಬರುತ್ತಾರೆ.

ಮರುದಿನ ಆ ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ ಒಂದು ಪ್ರಭಾರ ಪಟ್ಟಿ ಇರುತ್ತದೆ. ಕಪಾಟು ಎಷ್ಟು, ಕೀಲಿಕೈ ಎಷ್ಟು, ವಹಿಗಳೆಷ್ಟು, ರಬ್ಬರ್ ಮೊಹರು ಎಷ್ಟು ಎಂಬುದೆಲ್ಲ ಅದರಲ್ಲಿ ದಾಖಲು. ಮೂವತ್ತು ವರ್ಷ ಅಲ್ಲಿ ಕುಳಿತವರಿಗೆ ಗೊತ್ತಿದ್ದ ಸಂಗತಿಗಳು ಮಾತ್ರ ಅದರಲ್ಲಿ ಇರುವುದಿಲ್ಲ. ಅವು ಶಾಲು, ಹಾರದ ಜೊತೆಯಲ್ಲಿಯೇ ಮನೆಗೆ ಹೋಗಿರುತ್ತವೆ.

ಕಚೇರಿಗಳಲ್ಲಿ ಹಿರಿಯರಿಗೂ ಕಿರಿಯರಿಗೂ ಆಗುವ ತಿಕ್ಕಾಟವನ್ನು 'ತಲೆಮಾರಿನ ಅಂತರ' ಎಂದು ಕರೆದು ಸುಮ್ಮನಾಗುವುದು ವಾಡಿಕೆ. ಗದಗ ಜಿಲ್ಲೆಯ ಸಹಕಾರ ಸಂಘ, ಕಂದಾಯ ಕಚೇರಿ, ಬ್ಯಾಂಕು ಮತ್ತು ಮುದ್ರಣಾಲಯಗಳ ಚರಿತ್ರೆಯನ್ನು ನೋಡಿದರೆ, ವಯಸ್ಸಿನ ತಲೆಗೆ ಕಟ್ಟಲಾಗುವ ಜಗಳಗಳಲ್ಲಿ ಹೆಚ್ಚಿನವು ಬೇರೆ ಎರಡು ಮೂಲಗಳಿಂದ ಹುಟ್ಟಿವೆ ಎಂಬುದು ಕಂಡುಬರುತ್ತದೆ. ಒಂದು, ಒಂದೇ ಕೆಲಸಕ್ಕೆ ಬೇರೆ ಬೇರೆ ಸೇವಾ ಷರತ್ತು. ಇನ್ನೊಂದು, ಕೈದಾಟದೆ ಉಳಿದ ಅನುಭವ. ಈ ಎರಡನ್ನೂ ಸರಿಪಡಿಸಲು ಸಾಧ್ಯವಿದೆ.

ತಲೆಮಾರು ಎಂದರೇನು?

ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಮೂಲಾಧಾರ. ಒಂದೇ ವರ್ಷ ಹುಟ್ಟಿದ ಮಾತ್ರಕ್ಕೆ ಜನ ಒಂದು ತಲೆಮಾರು ಆಗುವುದಿಲ್ಲ, ಯೌವನದಲ್ಲಿ ಒಂದೇ ಬಗೆಯ ದೊಡ್ಡ ಘಟನೆಗಳನ್ನು ಒಟ್ಟಿಗೆ ಹಾದು ಬಂದಾಗ ಆಗುತ್ತಾರೆ ಎಂಬುದು ಅವರ ವಾದದ ಸಾರ.

ಪತ್ರಿಕೆಗಳಲ್ಲಿ ಕಾಣುವ ಬೂಮರ್ (1946-64), ಜೆನ್ ಎಕ್ಸ್ (1965-80), ಮಿಲೇನಿಯಲ್ (1981-96), ಜೆನ್ ಜೀ (1997ರ ನಂತರ) ಎಂಬ ವಿಂಗಡಣೆ ಅಮೆರಿಕದ ಜನಸಂಖ್ಯೆ ಮತ್ತು ಚರಿತ್ರೆಯನ್ನು ಆಧರಿಸಿದ್ದು. ಗದಗಿನ ನೌಕರನಿಗೆ ಅದನ್ನು ಹಾಗೆಯೇ ಅಂಟಿಸಲಾಗದು. ಇತ್ತೀಚೆಗೆ ನಿವೃತ್ತರಾದವರು 1982ರ ಗೋಕಾಕ್ ಚಳವಳಿಯ ಕಾಲದ ವಿದ್ಯಾರ್ಥಿಗಳು. ನಡುವಯಸ್ಸಿನವರು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆ ರಚನೆಯಾದುದನ್ನು ಕಂಡವರು. ಹೊಸಬರು 2016ರ ನಂತರ ಅಗ್ಗವಾದ ಮೊಬೈಲ್ ಅಂತರ್ಜಾಲದೊಂದಿಗೆ ಬೆಳೆದವರು.

ಇನ್ನೂ ಮುಖ್ಯವಾದ ಮಾತೊಂದಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಅಕಾಡೆಮಿಗಳು 2020ರಲ್ಲಿ ಹೊರತಂದ ವರದಿಯು, ಇಂತಹ ವಿಂಗಡಣೆಯನ್ನು ನೆಚ್ಚಿ ನೌಕರರನ್ನು ನಿರ್ವಹಿಸಲು ಸಂಶೋಧನೆಯ ಗಟ್ಟಿ ಬೆಂಬಲವಿಲ್ಲ ಎಂದು ಹೇಳಿತು. ಕೆಲಸದ ಸ್ವರೂಪವನ್ನೂ ವ್ಯಕ್ತಿಯ ಅಗತ್ಯವನ್ನೂ ನೋಡುವುದು ಮೇಲು ಎಂಬುದು ಅದರ ಸಲಹೆ.

ಒಂದೇ ಕೊಠಡಿ, ಹಲವು ಷರತ್ತು

ಶಿರಹಟ್ಟಿಯಾಗಲಿ ಮುಂಡರಗಿಯಾಗಲಿ, ಯಾವುದೇ ತಾಲ್ಲೂಕು ಕೇಂದ್ರದ ಸರ್ಕಾರಿ ಕಚೇರಿಯ ಒಂದು ಕೊಠಡಿಯನ್ನು ಊಹಿಸಿಕೊಳ್ಳಿ. ಮೂರು ಮೇಜು. ಮೊದಲನೆಯವರು 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದವರು. ಅವರಿಗೆ ಹಳೆಯ ನಿಶ್ಚಿತ ಪಿಂಚಣಿ ಉಂಟು. ಎರಡನೆಯವರು ಆ ದಿನದ ನಂತರ ಸೇರಿದವರು. ಅವರದು ವೇತನದಿಂದ ವಂತಿಗೆ ಕಡಿತವಾಗುವ ರಾಷ್ಟ್ರೀಯ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್. ಮೂರನೆಯವರು ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್. ಅವರಿಗೆ ಪಿಂಚಣಿಯೂ ಇಲ್ಲ, ಮುಂದಿನ ವರ್ಷ ಇದೇ ಮೇಜು ಇರುತ್ತದೆಂಬ ಭರವಸೆಯೂ ಇಲ್ಲ.

ಸಾಮಾನ್ಯವಾಗಿ ಕಂಪ್ಯೂಟರ್ ಕೆಲಸದ ಬಹುಭಾಗ ಬೀಳುವುದು ಈ ಮೂರನೆಯವರ ಮೇಲೆ. ಆತ ಸಂಜೆ ಐದೂವರೆಗೆ ಎದ್ದು ಹೊರಟರೆ 'ಈಗಿನ ಹುಡುಗರಿಗೆ ನಿಷ್ಠೆಯಿಲ್ಲ' ಎಂಬ ಮಾತು ಬರುತ್ತದೆ. ಮೊದಲನೆಯವರು ಹೊಸ ತಂತ್ರಾಂಶ ಕಲಿಯಲು ಹಿಂಜರಿದರೆ 'ಇನ್ನೆರಡು ವರ್ಷ ಹೇಗೋ ತಳ್ಳುತ್ತಾರೆ' ಎಂಬ ಮಾತು. ಎರಡೂ ಕಡೆ ಆಡಿಕೊಳ್ಳುವುದು ವಯಸ್ಸನ್ನು. ಆದರೆ ಹೊರಗುತ್ತಿಗೆಯವರ ವಯಸ್ಸು ಐವತ್ತಾಗಿದ್ದರೂ ಅವರ ನಡವಳಿಕೆ ಹೀಗೆಯೇ ಇರುತ್ತಿತ್ತು ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಸೇವಾ ಷರತ್ತಿನ ಗೆರೆ ಎಷ್ಟು ಆಳವೆಂಬುದಕ್ಕೆ ಒಂದು ನಿದರ್ಶನ: 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ನಂತರ ಸೇವೆಗೆ ಸೇರಿದ ಸುಮಾರು 13 ಸಾವಿರ ನೌಕರರನ್ನು ಹಳೆಯ ಪಿಂಚಣಿ ವ್ಯಾಪ್ತಿಗೆ ತರಲು ರಾಜ್ಯ ಸರ್ಕಾರ ಆದೇಶಿಸಿದ್ದು 2024ರ ಜನವರಿಯಲ್ಲಿ. ಒಂದೇ ಪರೀಕ್ಷೆಯ ಕಾಲದವರು ಇಷ್ಟು ವರ್ಷ ಗೆರೆಯ ಆಚೆ ಈಚೆ ನಿಂತು ಕೆಲಸ ಮಾಡಿದ್ದರು.

ಕಾಣೆಯಾದ ನಡುವಿನವರು

ಅಂತರ ಹೆಚ್ಚಲು ಇನ್ನೊಂದು ಕಾರಣ ನೇಮಕಾತಿಯ ಬರ. 2000-01ರ ಸ್ವಯಂ ನಿವೃತ್ತಿ ಯೋಜನೆಯಡಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ದೇಶಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ನೌಕರರು ಹೊರನಡೆದರು. ಹೊಸ ನೇಮಕ ಆಗ ವಿರಳವಾಗಿತ್ತು. ಮುಂದೆ ನೇಮಕ ಆರಂಭವಾದಾಗ ಶಾಖೆಗಳಲ್ಲಿ ಐವತ್ತು ದಾಟಿದವರೂ ಇಪ್ಪತ್ತೈದರವರೂ ಉಳಿದರು, ನಡುವೆ ನಿಂತು ಕಲಿಸಬೇಕಾದವರು ಇರಲಿಲ್ಲ. ರಾಜ್ಯ ಸರ್ಕಾರದ ಇಲಾಖೆಗಳಲ್ಲಿಯೂ ಲಕ್ಷಗಟ್ಟಲೆ ಹುದ್ದೆಗಳು ವರ್ಷಗಳ ಕಾಲ ಖಾಲಿ ಉಳಿದುದರಿಂದ ಇದೇ ಸ್ಥಿತಿ.

ಮನೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ನಡುವೆ ಅಪ್ಪ ಇರುತ್ತಾನೆ. ಕಚೇರಿಯಲ್ಲಿ ಆ ಅಪ್ಪನ ವಯಸ್ಸಿನ ಸಾಲೇ ತೆಳುವಾದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿ ಹೇಳುವವರು ಯಾರು?

ಗದಗ ಸೀಮೆಯ ಗ್ರಾಮೀಣ ಬ್ಯಾಂಕು ಶಾಖೆಗಳಿಗೆ ಇದರ ಜೊತೆಗೆ ಹೆಸರಿನ ಬದಲಾವಣೆಗಳೂ ಬಂದವು. ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಇತರ ಬ್ಯಾಂಕುಗಳೊಡನೆ ಸೇರಿ ಧಾರವಾಡ ಕೇಂದ್ರಿತ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಂದು ಅದೂ ಬಳ್ಳಾರಿ ಕೇಂದ್ರಿತ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಹಿರಿಯ ನೌಕರರೊಬ್ಬರು ಒಂದೇ ಕೌಂಟರಿನಲ್ಲಿ ಕುಳಿತೇ ಮೂರು ಫಲಕಗಳನ್ನು ನೋಡಿರುವುದು ಸಾಧ್ಯ. ಬದಲಾವಣೆಗೆ ಒಗ್ಗದವರು ಎಂದು ಅಂತಹವರನ್ನು ಕರೆಯುವುದು ನ್ಯಾಯವಲ್ಲ.

ಕಣಗಿನಹಾಳದ ವಹಿಯಿಂದ ಗಣಕಯಂತ್ರದವರೆಗೆ

ಗದಗ ತಾಲ್ಲೂಕಿನ ಕಣಗಿನಹಾಳ ಸಹಕಾರ ಚಳವಳಿಯ ತವರು. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಇಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ.

ಇಂತಹ ಸಂಘದ ಕಾರ್ಯದರ್ಶಿಯ ಕೆಲಸ ಬರೀ ಕಿರ್ದಿ ಬರೆಯುವುದಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ನಾಲ್ಕು ಜನ ಸದಸ್ಯರಿರಬಹುದು. ಯಾರು ಯಾರ ಮಗ, ಯಾರ ಹೊಲ ಹಳ್ಳದ ದಂಡೆಗೆ, ಯಾರ ಹೊಲ ಎರೆಭೂಮಿಯಲ್ಲಿ, ಯಾವ ಖಾತೆಯ ಸದಸ್ಯ ತೀರಿಕೊಂಡು ವಾರಸುದಾರರ ಹೆಸರು ಇನ್ನೂ ಏರಿಲ್ಲ ಎಂಬುದೆಲ್ಲ ಹಳೆಯ ಕಾರ್ಯದರ್ಶಿಗಳಿಗೆ ಬಾಯಿಪಾಠ.

2018ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲವನ್ನು 1 ಲಕ್ಷ ರೂಪಾಯಿವರೆಗೆ ಮನ್ನಾ ಮಾಡಿದಾಗ ಈ ಬಾಯಿಪಾಠದ ಬೆಲೆ ತಿಳಿಯಿತು. ಸಾಲದ ಖಾತೆ, ಆಧಾರ್, ಪಡಿತರ ಚೀಟಿ ಮತ್ತು ಪಹಣಿಯ ವಿವರಗಳು ಒಂದಕ್ಕೊಂದು ಹೊಂದಬೇಕಿತ್ತು. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು, ಮತ್ತೊಂದರಲ್ಲಿ ಅಕ್ಷರ ವ್ಯತ್ಯಾಸ. ತಂತ್ರಾಂಶ ಇವರು ಬೇರೆ ಬೇರೆ ಎನ್ನುತ್ತಿತ್ತು. ಇಬ್ಬರೂ ಒಬ್ಬರೇ ಎಂದು ಹೇಳಬಲ್ಲವರಿಗೆ ತಂತ್ರಾಂಶ ತಿಳಿಯದು, ತಂತ್ರಾಂಶ ತಿಳಿದವರಿಗೆ ಆ ಮನುಷ್ಯ ತಿಳಿಯದು. ಇಬ್ಬರೂ ಒಟ್ಟಿಗೆ ಕುಳಿತಲ್ಲಿ ಕೆಲಸ ಸುಗಮ. ಕೂರದಲ್ಲಿ ಅಲೆದಾಡಿದವನು ರೈತ.

ಈ ಒಟ್ಟು ಕೂರುವಿಕೆ ಈಗ ಇನ್ನಷ್ಟು ಅನಿವಾರ್ಯ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಣಗೊಳಿಸುವ ಯೋಜನೆಗೆ ಒಪ್ಪಿಗೆ ನೀಡಿತು. ವಹಿಯಲ್ಲಿರುವ ಬಾಕಿಯನ್ನು ಪರದೆಗೆ ಏರಿಸುವಾಗ ಆದ ತಪ್ಪು ಮುಂದೆ ಸತ್ಯವಾಗಿಯೇ ಉಳಿಯುತ್ತದೆ. ಹಳೆಯ ಕಾರ್ಯದರ್ಶಿ ನಿವೃತ್ತರಾಗುವ ಮೊದಲೇ ಪ್ರತಿ ಖಾತೆಯನ್ನು ಅವರ ಎದುರು ಓದಿ ತಾಳೆ ನೋಡುವುದು ಸಂಘದ ಹಿತದೃಷ್ಟಿಯಿಂದ ಅಗತ್ಯ.

ಕಂದಾಯ ಕಚೇರಿ: ಮೋಡಿ ಲಿಪಿಯ ಪಾಠ

ಅನುಭವ ಕೈದಾಟದಿದ್ದರೆ ಆಗುವ ನಷ್ಟಕ್ಕೆ ಈ ಭಾಗದ ದಾಖಲೆ ಕೊಠಡಿಗಳೇ ಸಾಕ್ಷಿ. ಸ್ವಾತಂತ್ರ್ಯಪೂರ್ವದಲ್ಲಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಆ ಕಾಲದ ಮರಾಠಿ ಆಡಳಿತದ ಬರಹಗಳಲ್ಲಿ ಮೋಡಿ ಲಿಪಿ ಬಳಕೆಯಲ್ಲಿತ್ತು. ಅದನ್ನು ಸರಾಗವಾಗಿ ಓದುತ್ತಿದ್ದ ಗುಮಾಸ್ತರ ತಲೆಮಾರು ಮುಗಿದುಹೋಯಿತು. ಇಂದು ಮುತ್ತಜ್ಜನ ಕಾಲದ ಜಮೀನಿನ ಹಕ್ಕನ್ನು ಸಾಬೀತುಪಡಿಸಬೇಕಾದ ಕುಟುಂಬದ ಕೈಯಲ್ಲಿ ಕಾಗದ ಇದ್ದರೂ ಓದುವವರನ್ನು ಹುಡುಕಿಕೊಂಡು ಊರೂರು ಅಲೆಯಬೇಕು. ಕಾಗದವನ್ನು ಕಾಯ್ದಿಟ್ಟ ಕಚೇರಿಗಳು ಅದನ್ನು ಓದುವ ವಿದ್ಯೆಯನ್ನು ಕಾಯ್ದಿಡಲಿಲ್ಲ.

2000ರ ದಶಕದ ಆರಂಭದಲ್ಲಿ ಬಂದ 'ಭೂಮಿ' ಯೋಜನೆ ಕೈಬರಹದ ಪಹಣಿಯನ್ನು ನಿಲ್ಲಿಸಿ ಗಣಕೀಕೃತ ಪಹಣಿಯನ್ನು ತಂದಿತು. ಲಕ್ಷ್ಮೇಶ್ವರ 2018ರಲ್ಲಿ ಶಿರಹಟ್ಟಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಫಲಕದ ಜೊತೆಗೆ ಕಡತಗಳ ವಿಂಗಡಣೆಯೂ ಹೌದು. ಯಾವ ಊರಿನ ಯಾವ ವರ್ಷದ ಕಡತ ಎಲ್ಲಿ ಉಳಿಯಿತೆಂಬುದು ಹಳಬರ ನೆನಪಿನಲ್ಲಿ ಮಾತ್ರ ಇದ್ದರೆ ಅರ್ಜಿದಾರ ಎರಡು ಊರುಗಳ ನಡುವೆ ಬಸ್ಸು ಹತ್ತಿ ಇಳಿಯಬೇಕಾಗುತ್ತದೆ. 2024ರಿಂದ 'ಭೂ ಸುರಕ್ಷಾ' ಯೋಜನೆಯಡಿ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದಲ್ಲಿ ಆರಂಭವಾಯಿತು. ಸ್ಕ್ಯಾನ್ ಮಾಡುವ ಕಿರಿಯರ ಪಕ್ಕದಲ್ಲಿ ಹಾಳೆಯನ್ನು ಗುರುತಿಸಬಲ್ಲ ಹಿರಿಯರೊಬ್ಬರು ಇದ್ದರೆ ಈ ಕೆಲಸದ ಬೆಲೆ ಇಮ್ಮಡಿಯಾಗುತ್ತದೆ.

ತಂತ್ರಜ್ಞಾನದ ತೊಡಕೆಲ್ಲ ಹಿರಿಯರದೇ ಎಂಬ ನಂಬಿಕೆಯನ್ನು 2024ರ ಸೆಪ್ಟೆಂಬರ್ ಸುಳ್ಳಾಗಿಸಿತು. ಆಗ ರಾಜ್ಯಾದ್ಯಂತ ಮುಷ್ಕರ ಹೂಡಿದ ಗ್ರಾಮ ಆಡಳಿತ ಅಧಿಕಾರಿಗಳ ದೂರು, ಹತ್ತಾರು ಮೊಬೈಲ್ ಆ್ಯಪ್‌ಗಳ ಕೆಲಸ ಹೇರಲಾಗಿದೆ, ಆದರೆ ಲ್ಯಾಪ್‌ಟಾಪ್, ಪ್ರಿಂಟರ್, ಕುರ್ಚಿ, ಮೇಜು ಕೊಟ್ಟಿಲ್ಲ ಎಂಬುದಾಗಿತ್ತು. ಮುಷ್ಕರದಲ್ಲಿ ಆ್ಯಪ್ ಬಳಕೆ ಚೆನ್ನಾಗಿ ಬಲ್ಲ ಯುವಕ ಯುವತಿಯರೂ ಇದ್ದರು. ಕೆಲಸದ ಹೊರೆ ವಯಸ್ಸು ನೋಡಿ ತೂಗುವುದಿಲ್ಲ.

ಮೊಳೆ ಜೋಡಿಸಿದವರು, ಕೀಲಿಮಣೆ ಒತ್ತಿದವರು

ಖಾಸಗಿ ಉದ್ಯಮದ ಮಾತಿಗೆ ಬಂದರೆ ಗದಗ ಮುದ್ರಣಾಲಯಗಳ ಊರು. ನೋಟ್‌ಬುಕ್, ಕ್ಯಾಲೆಂಡರ್, ಲಗ್ನಪತ್ರಿಕೆ, ಪುಸ್ತಕ ಎಲ್ಲವೂ ಇಲ್ಲಿ ಅಚ್ಚಾಗುತ್ತವೆ. ಅಚ್ಚುಮೊಳೆಯ ಕಾಲದಲ್ಲಿ ಮೊಳೆ ಜೋಡಿಸುವವರು ಕನ್ನಡದ ಕಾಗುಣಿತ, ಒತ್ತಕ್ಷರಗಳ ನೂರಾರು ಮೊಳೆಗಳನ್ನು ಖಾನೆಗಳಿಂದ ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಸಾಲುಗಳನ್ನು ಓದಿ ತಪ್ಪು ಹಿಡಿಯುತ್ತಿದ್ದರು. ನಂತರ ಡಿಟಿಪಿ ಮತ್ತು ಆಫ್‌ಸೆಟ್ ಬಂದವು. 1998ರಲ್ಲಿ 'ಬರಹ', ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಬಂದು ಕನ್ನಡ ಬೆರಳಚ್ಚು ಸುಲಭವಾಯಿತು.

ಮೊಳೆ ಜೋಡಿಸುವ ಕೈಗೆ ಕೆಲಸ ಉಳಿಯಲಿಲ್ಲ. ಆದರೆ ತಪ್ಪು ಹಿಡಿಯುವ ಕಣ್ಣು ಇಂದಿಗೂ ಬೇಕು. ಲಗ್ನಪತ್ರಿಕೆಯನ್ನೇ ನೋಡಿ. ಯಾವ ಮಠದ ಶ್ರೀಗಳ ಹೆಸರು ಮೊದಲು, ಮನೆತನದ ಹಿರಿಯರ ಹೆಸರು ಯಾವ ಕ್ರಮದಲ್ಲಿ, ತೀರಿಕೊಂಡವರ ಹೆಸರಿನ ಹಿಂದೆ ಏನು ಬರೆಯಬೇಕು ಎಂಬುದನ್ನು ಯಾವ ತಂತ್ರಾಂಶವೂ ಹೇಳಿಕೊಡದು. ಹಳಬರನ್ನು ಕರಡು ತಿದ್ದಲು ಉಳಿಸಿಕೊಂಡ ಮುದ್ರಣಾಲಯ ತಪ್ಪಾದ ಪತ್ರಿಕೆಯನ್ನು ಎರಡನೆಯ ಬಾರಿ ಪುಕ್ಕಟೆ ಅಚ್ಚು ಹಾಕುವ ಪ್ರಸಂಗದಿಂದ ಪಾರಾಗುತ್ತದೆ. ಮುದ್ರಣದಿಂದ ಅಂತರ್ಜಾಲಕ್ಕೆ ಬಂದ ಪತ್ರಿಕಾ ಕಚೇರಿಗಳಿಗೂ ಇದೇ ಮಾತು ಸಲ್ಲುತ್ತದೆ.

ಕೆಲವೊಮ್ಮೆ ಕಿರಿಯರಿಗೆ ಹೊರಗೆ ದಾರಿ ಮಾಡಿಕೊಡುವುದೂ ಒಂದು ಪರಿಹಾರ. ಗದಗಿನ ಮುದ್ರಣ ಉದ್ಯಮಿ ಕುಟುಂಬದ ವಿಜಯ ಸಂಕೇಶ್ವರ ಅವರು ಮನೆಯ ಉದ್ಯಮವನ್ನು ಬಿಟ್ಟು 1976ರಲ್ಲಿ ಒಂದು ಲಾರಿಯೊಂದಿಗೆ ಸಾರಿಗೆ ವ್ಯವಹಾರಕ್ಕೆ ಇಳಿದರು. ಅದೇ ವಿಆರ್‌ಎಲ್ ಸಂಸ್ಥೆಯಾಗಿ ಬೆಳೆಯಿತು. 2015ರಲ್ಲಿ ಸಂಸ್ಥೆ ಷೇರುಪೇಟೆ ಪ್ರವೇಶಿಸಿದಾಗ ಅಧ್ಯಕ್ಷರಾಗಿ ಅವರೂ ವ್ಯವಸ್ಥಾಪಕ ನಿರ್ದೇಶಕರಾಗಿ ಮಗ ಆನಂದ ಸಂಕೇಶ್ವರ ಅವರೂ ಇದ್ದರು. ಒಂದು ಕಾಲಕ್ಕೆ ಮನೆಯ ದಾರಿ ಬಿಟ್ಟು ನಡೆದ ಮಗ, ಮುಂದೆ ತಾನೇ ತಂದೆಯ ಸ್ಥಾನದಲ್ಲಿ ನಿಂತು ಅಧಿಕಾರ ಹಂಚಿಕೊಂಡ ಉದಾಹರಣೆ ಇದು.

ಸಾಹೇಬ್ರ, ಕಾಕಾ ಮತ್ತು ರೀ

ನಮ್ಮ ಕಚೇರಿಗಳಲ್ಲಿ ಹುದ್ದೆಯ ಹಿರಿತನ, ವಯಸ್ಸಿನ ಹಿರಿತನ ಎಂಬ ಎರಡು ಏಣಿಗಳಿವೆ. ಸೇವಾ ಜ್ಯೇಷ್ಠತೆಯನ್ನು 1957ರ ಜ್ಯೇಷ್ಠತಾ ನಿಯಮಗಳು ನಿರ್ಧರಿಸುತ್ತವೆ, ಅಲ್ಲಿ ವಯಸ್ಸಿಗೆ ಮೊದಲ ಸ್ಥಾನವಿಲ್ಲ. ಆದರೆ ಮಾತಿನಲ್ಲಿ ವಯಸ್ಸಿಗೆ ಬೆಲೆ ಕೊಡದವರನ್ನು ಈ ಸೀಮೆ ಒಪ್ಪುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬಂದ ಮೂವತ್ತರೊಳಗಿನ ಅಧಿಕಾರಿಯನ್ನು ಐವತ್ತೆಂಟರ ಗುಮಾಸ್ತರು 'ಸಾಹೇಬ್ರ' ಎನ್ನುತ್ತಾರೆ. ಆ ಅಧಿಕಾರಿ ಅವರನ್ನು ಬರೀ ಹೆಸರಿಡಿದು ಕರೆದರೆ ಆ ದಿನವೇ ಕಚೇರಿಯ ಅರ್ಧ ಸಹಕಾರ ತಪ್ಪಿಹೋಗುತ್ತದೆ. ಹೆಸರಿನ ಮುಂದೆ ಒಂದು 'ರೀ' ಹಚ್ಚಿದರೆ ಅಧಿಕಾರಕ್ಕೆ ಕುಂದಿಲ್ಲ.

ಅನುಕಂಪದ ಆಧಾರದ ಮೇಲೆ ನೇಮಕಗೊಂಡವರ ಸ್ಥಿತಿ ಇನ್ನೂ ಸೂಕ್ಷ್ಮ. ಸೇವೆಯಲ್ಲಿದ್ದಾಗಲೇ ತಂದೆಯನ್ನು ಕಳೆದುಕೊಂಡು 1996ರ ನಿಯಮಗಳಡಿ ಕೆಲಸಕ್ಕೆ ಬಂದ ಹುಡುಗ, ಮನೆಯಲ್ಲಿ ಕಾಕಾ ಎಂದು ಕರೆದವರ ಜೊತೆಗೇ ಮೇಜು ಹಂಚಿಕೊಳ್ಳಬೇಕಾಗಬಹುದು. 'ನಿಮ್ಮಪ್ಪ ಹೀಂಗ ಮಾಡತಿದ್ದಿಲ್ಲಪಾ' ಎಂಬ ಮಾತು ಪ್ರೀತಿಯಿಂದ ಬಂದರೂ ಚುಚ್ಚುತ್ತದೆ. ಕೆಲಸ ಕಲಿಸುವಾಗ ತಂದೆಯ ಹೋಲಿಕೆಯನ್ನು ಬದಿಗಿಡುವುದು ಹಿರಿಯರಿಗೆ ಶೋಭೆ.

ಏನು ಮಾಡಬಹುದು?

1. ಜೋಡಿ ಅವಧಿ: ನಿವೃತ್ತಿಯ ದಿನ ಬಹಳ ಮೊದಲೇ ಗೊತ್ತಿರುತ್ತದೆ. ಉತ್ತರಾಧಿಕಾರಿ ಕನಿಷ್ಠ ಒಂದು ಮಾರ್ಚ್ ಅಂತ್ಯದ ಲೆಕ್ಕವನ್ನಾದರೂ, ಸಹಕಾರ ಸಂಘವಾದರೆ ಒಂದು ಸಾಲ ವಿತರಣೆಯ ಹಂಗಾಮನ್ನಾದರೂ ಹಿರಿಯರ ಪಕ್ಕದಲ್ಲಿ ಕುಳಿತು ನೋಡಿರಬೇಕು.

2. ಎರಡನೆಯ ಪ್ರಭಾರ ಪಟ್ಟಿ: ಕಪಾಟಿನ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿ ಇರಲಿ. ಬಾಕಿ ಇರುವ ತಕರಾರುಗಳು ಯಾವುವು, ಅವುಗಳ ಹಿನ್ನೆಲೆ ಏನು, ಯಾವ ಕಡತದ ಪೂರ್ವಭಾಗ ಎಲ್ಲಿದೆ, ಯಾವ ವಹಿಯಲ್ಲಿ ಎಂತಹ ತಪ್ಪು ನುಸುಳಿದೆ ಎಂಬುದನ್ನು ನಾಲ್ಕೈದು ಹಾಳೆಯಲ್ಲಿ ಬರೆಸಿಕೊಳ್ಳಬೇಕು. ಬರೆಯಲು ಬೇಸರಿಸುವವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೂ ಆದೀತು.

3. ಕಲಿಕೆ ಎರಡೂ ಕಡೆಗೆ: 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ಅವರು ತಮ್ಮ ಹಿರಿಯ ಅಧಿಕಾರಿಗಳಿಗೆ ಅಂತರ್ಜಾಲ ಕಲಿಸಲು ಕಿರಿಯರನ್ನೇ ನೇಮಿಸಿದ್ದು ಪ್ರಸಿದ್ಧ. ನಮ್ಮಲ್ಲಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳು 2012ರಲ್ಲಿಯೇ ಬಂದಿವೆ. ಪರೀಕ್ಷೆ ಪಾಸಾಗುವುದು ಬೇರೆ, ದಿನದ ಕೆಲಸ ಬರುವುದು ಬೇರೆ. ದಿನಕ್ಕೆ ಅರ್ಧ ತಾಸು ಒಬ್ಬರಿಗೊಬ್ಬರು ಕಲಿಸುವುದು ಫಲಕಾರಿ. ಒಂದು ಎಚ್ಚರ: ಇದು ಸಾರ್ವಜನಿಕರ ಎದುರು, ಕೌಂಟರಿನಲ್ಲಿ ಆಗಕೂಡದು. ಅಲ್ಲಿ ತಿದ್ದಿಸಿಕೊಂಡವರು ಮತ್ತೆಂದೂ ಕೇಳುವುದಿಲ್ಲ.

4. ಮೌಖಿಕ ಆದೇಶ, ವಾಟ್ಸ್‌ಆ್ಯಪ್ ಆದೇಶ: ಹಿರಿಯರಿಗೆ ಕಡತದಲ್ಲಿ ಬರೆದದ್ದೇ ಆದೇಶ, ಕಿರಿಯರಿಗೆ ಗುಂಪಿನಲ್ಲಿ ಬಂದ ಸಂದೇಶವೇ ಆದೇಶ. ಸಂದೇಶದಲ್ಲಿ ಹೇಳಿದ್ದನ್ನು ಮರುದಿನ ಕಡತಕ್ಕೆ ತರುವ ನಿಯಮವಿದ್ದರೆ ಇಬ್ಬರಿಗೂ ರಕ್ಷಣೆ. ರಾತ್ರಿ ಸಂದೇಶಕ್ಕೆ ರಾತ್ರಿಯೇ ಉತ್ತರ ನಿರೀಕ್ಷಿಸುವುದು ತುರ್ತು ಕೆಲಸಗಳಿಗೆ ಮಾತ್ರ ಸೀಮಿತವಾಗಲಿ.

5. ಹೊರಗುತ್ತಿಗೆಯವರೂ ಸಭೆಗೆ: ತಂತ್ರಾಂಶ ಬಲ್ಲವರನ್ನು ಹೊರಗಿಟ್ಟು ತಂತ್ರಾಂಶದ ಬಗ್ಗೆ ಸಭೆ ನಡೆಸುವುದರಲ್ಲಿ ಅರ್ಥವಿಲ್ಲ. ತರಬೇತಿಗೂ ಅವರನ್ನು ಕಳುಹಿಸಬೇಕು.

6. ದೂರಿನ ಪರೀಕ್ಷೆ: ಯಾರ ಮೇಲಾದರೂ ವಯಸ್ಸಿನ ದೂರು ಬಂದಾಗ ಮೇಲಧಿಕಾರಿ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದೇ ವೇತನ, ಇದೇ ಷರತ್ತು, ಇದೇ ತರಬೇತಿ ಇರುವ ಬೇರೆ ವಯಸ್ಸಿನವರು ಹೀಗೆ ನಡೆದುಕೊಳ್ಳುತ್ತಿರಲಿಲ್ಲವೇ? ನಡೆದುಕೊಳ್ಳುತ್ತಿದ್ದರು ಎಂದಾದರೆ ತಿದ್ದಬೇಕಾದದ್ದು ಷರತ್ತನ್ನು.

ಕೊನೆಯ ಮಾತು

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಪಿಂಚಣಿ, ಖಾಲಿ ಹುದ್ದೆ, ಹೊರಗುತ್ತಿಗೆಯ ಪ್ರಶ್ನೆಗಳು ತಾಲ್ಲೂಕು ಮಟ್ಟದ ಕಚೇರಿಯ ಮುಖ್ಯಸ್ಥರ ಕೈಮೀರಿದವು, ನಿಜ. ಆದರೆ ಮುಂದಿನ ಮೇ 31ಕ್ಕೆ ತಮ್ಮ ಕಚೇರಿಯಿಂದ ಯಾರು ಹೊರಡುತ್ತಾರೆಂಬುದು ಅವರಿಗೆ ಇಂದೇ ಗೊತ್ತಿದೆ. ಆ ಹೊತ್ತಿಗೆ ಶಾಲು, ಹಾರದ ಜೊತೆಗೆ ನಾಲ್ಕು ಹಾಳೆಯ ಟಿಪ್ಪಣಿಯೂ ಸಿದ್ಧವಾಗಿದ್ದರೆ, ಜೂನ್ 1ರ ಬೆಳಿಗ್ಗೆ ಮುಂಡರಗಿಯಿಂದಲೋ ಲಕ್ಷ್ಮೇಶ್ವರದ ಹಳ್ಳಿಯಿಂದಲೋ ಬಸ್ಸು ಹಿಡಿದು ಬಂದು ಕಿಟಕಿಯ ಮುಂದೆ ನಿಂತ ರೈತನಿಗೆ 'ಹಳೇ ಸಾಹೇಬ್ರು ರಿಟೈರ್ ಆದ್ರು, ನಮಗ ಗೊತ್ತಿಲ್ಲ' ಎಂಬ ಉತ್ತರ ಸಿಗುವುದು ತಪ್ಪುತ್ತದೆ.